ಟೂರ್ ಪ್ಯಾಕೇಜಿನಲ್ಲಿ ಇಲ್ಲದ ಬಾಸ್ಕ್ ನಾಡು

ಫಾರಿನ್ ಟ್ರಿಪ್ ಅಂದರೆ ನಮ್ಮ ಹಾಸ್ಟೆಲ್‌ನಲ್ಲಿ ಎರಡೇ ಹೆಸರು: ಪ್ಯಾರಿಸ್, ಸ್ವಿಟ್ಜರ್‌ಲೆಂಡ್. ನನ್ನನ್ನು ಕೇಳಿದರೆ, ಕೆಲಸ ಸಿಕ್ಕಿ ನಾಲ್ಕು ಕಾಸು ಕೂಡಿಟ್ಟ ಮೇಲೆ ಎಂಜಿನಿಯರಿಂಗ್ ಓದಿದವರು ಮೊದಲು ಹೋಗಬೇಕಾದದ್ದು ಸ್ಪೇನ್‌ನ ಉತ್ತರದ ಬಾಸ್ಕ್ ನಾಡಿಗೆ. ಅದೂ ಬಸ್ಸಿನಲ್ಲಲ್ಲ, ಸೈಕಲ್ ಮೇಲೆ. ನಾನಿನ್ನೂ ಹೋಗಿಲ್ಲ, ಪಾಸ್‌ಪೋರ್ಟೇ ಆಗಿಲ್ಲ. ಆದರೂ ಈ ಜಾಗದ ಬಗ್ಗೆ ಸಿಕ್ಕಿದ್ದೆಲ್ಲ ಓದಿದ ಮೇಲೆ ಹೇಳದಿರಲು ಆಗುತ್ತಿಲ್ಲ.

ಬಿಲ್ಬಾವೊದಿಂದ ಸಾನ್ ಸೆಬಾಸ್ಟಿಯನ್‌ಗೆ ಹೆದ್ದಾರಿಯಲ್ಲಿ ಸುಮಾರು ನೂರು ಕಿ.ಮೀ. ಬಸ್ಸು ಒಂದೂವರೆ ಗಂಟೆಯೊಳಗೆ ಇಳಿಸಿಬಿಡುತ್ತದೆ. ಸೈಕಲ್ಲಿನವರು ಗೆರ್ನಿಕಾ, ಲೆಕೇಟಿಯೊ, ದೇಬಾ, ಸುಮಾಯಾ, ಗೆತಾರಿಯಾ ಎಂದು ಕರಾವಳಿ ಹಿಡಿದು ದಿನಗಟ್ಟಲೆ ಹೋಗುತ್ತಾರೆ. ಬರೀ ಏರು, ಇಳಿತ. 2023ರ ಟೂರ್ ಡಿ ಫ್ರಾನ್ಸ್ ಇದೇ ಬಿಲ್ಬಾವೊದಿಂದ ಹೊರಟಿತ್ತು. ಸುಮಾಯಾದ ಕಡಲಂಚಿನಲ್ಲಿ ಬಂಡೆಗಳು ಪುಸ್ತಕದ ಹಾಳೆ ನಿಲ್ಲಿಸಿದಂತೆ ಪದರ ಪದರವಾಗಿ ನಿಂತಿವೆ. 1937ರ ಏಪ್ರಿಲ್ 26ರಂದು ಬಾಂಬಿಗೆ ಸುಟ್ಟುಹೋಗಿ, ಪಿಕಾಸೊ ಚಿತ್ರದಿಂದ ಜಗತ್ತಿಗೆ ಗೊತ್ತಾದ ಗೆರ್ನಿಕಾ ಇಂದು ತನ್ನ ಹಸಿ ಮೆಣಸಿನಕಾಯಿಗೂ ಹೆಸರುವಾಸಿ. ಎಣ್ಣೆಯಲ್ಲಿ ಹುರಿದು ಮೇಲೆ ಉಪ್ಪು ಉದುರಿಸಿದರೆ ಮುಗಿಯಿತು. ಮೀನು, ಮಾಂಸವೇ ಹೆಚ್ಚಿರುವ ಆ ಊಟದಲ್ಲಿ ಸಸ್ಯಾಹಾರಿ ಗೆಳೆಯರಿಗೆ ಇಂಥದ್ದೇ ಗತಿ.

ಟೂರ್ ಕಂಪನಿಗಳ ಜಾಹೀರಾತು ಇಲ್ಲಿಗೆ ನಿಲ್ಲುತ್ತದೆ: ಬೆಟ್ಟ, ಕಡಲು, ಊಟ. ನನ್ನ ತಕರಾರು ಇರುವುದೇ ಇಲ್ಲಿ. ಆ ಜನ ಏನು ಕೆಲಸ ಮಾಡುತ್ತಾರೆ ಎಂಬುದು ಸಂಸ್ಕೃತಿ ಅಲ್ಲವೇ?

ಬಿಲ್ಬಾವೊ ಪಕ್ಕದಲ್ಲೇ 1893ರ ಬಿಸ್ಕಾಯಾ ಸೇತುವೆ ಇದೆ. ಹಡಗುಗಳಿಗೆ ದಾರಿ ಬಿಡಬೇಕು, ಆದರೆ ದಡದಲ್ಲಿ ಉದ್ದದ ಏರುರಸ್ತೆ ಕಟ್ಟಲು ಜಾಗವಿಲ್ಲ. ಅದಕ್ಕೆ ಎತ್ತರದಲ್ಲಿ ಕಬ್ಬಿಣದ ತೊಲೆ ಹಾಯಿಸಿ, ಅದರಿಂದ ತೊಟ್ಟಿಲೊಂದನ್ನು ತೂಗುಬಿಟ್ಟರು. ಜನ, ವಾಹನ, ಸೈಕಲ್ಲು ಎಲ್ಲ ಇವತ್ತಿಗೂ ಆ ತೊಟ್ಟಿಲಲ್ಲೇ ನದಿ ದಾಟುತ್ತವೆ. ನಮ್ಮ ಸ್ಟ್ರಕ್ಚರ್ಸ್ ಪೇಪರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ!

ದೇಬಾದಲ್ಲಿ ಕಡಲು ಬಿಟ್ಟು ಕಣಿವೆಯ ಕಡೆ ತಿರುಗಿದರೆ ಐಬಾರ್ ಸಿಗುತ್ತದೆ. ಅದು ಬಂದೂಕು ಮಾಡುವವರ ಊರು. ಬಂದೂಕಿನ ವ್ಯಾಪಾರ ಬಿದ್ದಾಗ, ನಳಿಗೆ ಮಾಡುತ್ತಿದ್ದ ಕೈಗಳೇ ಸೈಕಲ್ಲಿನ ಕೊಳವೆ ಮಾಡಲು ಹೊರಟವು. 1840ರಲ್ಲಿ ಬಂದೂಕಿನಿಂದ ಶುರುವಾದ ಓರ್ಬೆಯಾ ಇಂದು ದೊಡ್ಡ ಸೈಕಲ್ ಬ್ರ್ಯಾಂಡ್. ಅದರ ಮಾಲೀಕರು ಅಲ್ಲಿನ ಕೆಲಸಗಾರರೇ.

ಇನ್ನೂ ಒಳಗೆ ಹೋದರೆ ಮೊಂಡ್ರಾಗನ್. 1943ರಲ್ಲಿ ಒಬ್ಬ ಪಾದ್ರಿ, ಹೊಸೆ ಮರಿಯಾ ಅರಿಸ್ಮೆಂಡಿಯಾರಿಯೆಟಾ, ಅಲ್ಲೊಂದು ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತ ಐವರು 1956ರಲ್ಲಿ ತಮ್ಮ ಹೆಸರುಗಳ ಅಕ್ಷರ ಸೇರಿಸಿ ‘ಉಲ್ಗೋರ್’ ಎಂದು ಹೆಸರಿಟ್ಟು ಸ್ಟೌ ಮಾಡಲು ಶುರುಮಾಡಿದರು. ಅದೇ ಬೆಳೆದು ಸಹಕಾರಿ ಕಂಪನಿಗಳ ದೊಡ್ಡ ಬಳಗವಾಗಿದೆ. ಇಂದು ಸುಮಾರು 70 ಸಾವಿರ ಜನರಿಗೆ ಅಲ್ಲಿ ಕೆಲಸವಿದೆ. ಸದಸ್ಯರಾದರೆ ಮ್ಯಾನೇಜರ್‌ಗೂ ಒಂದೇ ವೋಟು, ಫಿಟ್ಟರ್‌ಗೂ ಒಂದೇ ವೋಟು. ಎಲ್ಲವೂ ಚೆನ್ನಾಗೇ ಇದೆ ಎನ್ನಲಾರೆ. ಬಳಗದ ಹಿರಿಯಣ್ಣನಂತಿದ್ದ ಫಾಗೋರ್‌ನ ಗೃಹೋಪಯೋಗಿ ಯಂತ್ರಗಳ ಕಂಪನಿ 2013ರಲ್ಲಿ ದಿವಾಳಿಯಾಯಿತು. ಆಗ ಕೆಲಸ ಕಳೆದುಕೊಂಡ ಬಹಳಷ್ಟು ಸದಸ್ಯರನ್ನು ಬಳಗದ ಉಳಿದ ಕಂಪನಿಗಳು ಸೇರಿಸಿಕೊಂಡವು.

ನಮ್ಮಲ್ಲಿ ಪ್ಲೇಸ್‌ಮೆಂಟ್ ಅಂದರೆ ಬ್ಯಾಗು ಕಟ್ಟಿ ಬೆಂಗಳೂರು ಬಸ್ಸು ಹತ್ತುವುದು. ಐದು ಜನ ಓದಿದ ಊರಿನಲ್ಲೇ ಸ್ಟೌ ಮಾಡಲು ಕುಳಿತರೆ ಮನೆಯವರು ಏನೆನ್ನುತ್ತಾರೋ, ಊಹಿಸಿ. ಅಲ್ಲಿನವರು ಭಾಷೆಯನ್ನೂ ಬಿಡಲಿಲ್ಲ. ಫ್ರಾಂಕೊ ಆಳ್ವಿಕೆ ಅದುಮಿಟ್ಟಿದ್ದ ಯೂಸ್ಕಾರಾದಲ್ಲಿ, ಬೇರಾವ ಭಾಷೆಯ ನಂಟೂ ಪತ್ತೆಯಾಗದ ಆ ಭಾಷೆಯಲ್ಲಿ, ಇಂದು ಎಂಜಿನಿಯರಿಂಗ್ ಓದಬಹುದು.

ಕರಾವಳಿ ಬಿಟ್ಟು ಆ ಕಣಿವೆ ಹತ್ತಲು ಒಂದು ದಿನ ಹೆಚ್ಚು ಬೇಕು, ಕಾಲೂ ನೋಯುತ್ತದೆ. ಗುಂಪಿನಲ್ಲಿ ಹೋಗುವವರು ಬುಕ್ ಮಾಡುವ ಮೊದಲೇ ಆ ಒಂದು ದಿನ ಕೇಳಿ ಪಡೆಯಿರಿ.