ಕೀರ್ದಿಯ ಪುಸ್ತಕ ಯಾರ ಕೈಯಲ್ಲಿ?

ನಮ್ಮ ವಿಜಯಪುರವು ಚಹದ ಸೀಮೆ. ಇಲ್ಲಿ ಕುಳಿತು ನಾವು ಈ ತಿಂಗಳು ಕಾಫಿಯ ಮಾತನ್ನೆತ್ತಿದರೆ ವಾಚಕ ಭಗಿನಿಯರು ನಗಬಹುದು. ಆದರೆ ಅದಕ್ಕೆ ಕಾರಣವುಂಟು.

ಈಚೆಗೆ ತಿಕೋಟದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಅವನ ಅಣ್ಣನು ತೀರಿಕೊಂಡು ವರುಷ ತುಂಬಿದೆ. ದ್ರಾಕ್ಷಿಯ ತೋಟ, ಒಣದ್ರಾಕ್ಷಿಯ ಶೆಡ್ಡು, ಆಳುಗಳ ಪಗಾರ, ಎಲ್ಲವನ್ನೂ ಅತ್ತಿಗೆಯೇ ನೋಡುವಳು. ಕೀರ್ದಿಯ ಪುಸ್ತಕವೂ ಸಹಿಯೂ ಮಾತ್ರ ಮೈದುನನವು. "ಗುರುಗಳೇ, ತೋಟ ಮಾರಿ ಹಣ ಬ್ಯಾಂಕಿನಲ್ಲಿಟ್ಟರೆ ವೈನಿಗೆ ನಿಶ್ಚಿಂತೆ. ನೀವೇ ಒಂದು ಮಾತು ಹೇಳಿರಿ" ಎಂದನು.

ಮೂವತ್ತು ವರುಷಗಳ ಹಿಂದೆ ಬಬಲೇಶ್ವರದ ವಿಧವೆಯೊಬ್ಬಳು ಗಂಡನ ಅಂಗಡಿಯ ಲೆಕ್ಕವನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದಳು. "ಹೆಣ್ಣುಮಗಳಿಗೇಕೆ ಈ ತಾಪತ್ರಯ? ಮಾರಿಬಿಡು ತಾಯೀ" ಎಂದು ನಾವೇ ಹೇಳಿದೆವು. ಹಣವು ಬಂಧುಗಳ ಸಾಲಕ್ಕೆ ಹೋಯಿತು; ಅವಳು ಕೂಲಿಗೆ ಹೋದಳು. ಆ ಪಾಪವು ನಮ್ಮದು. ಆದ್ದರಿಂದ ಈ ಸಲ ಉಪದೇಶವನ್ನು ಬಿಟ್ಟು ಸಾಕಮ್ಮನವರ ಕಥೆಯನ್ನು ಹೇಳಿದೆವು.

ತುಮಕೂರು ಸೀಮೆಯ ಈ ಹೆಣ್ಣುಮಗಳು ಕೊಡಗಿನ ಕಾಫಿ ತೋಟಗಳ ಒಡೆಯರಾದ ದೊಡ್ಡಮನೆ ಚಿಕ್ಕಬಸಪ್ಪ ಶೆಟ್ಟರನ್ನು ವರಿಸಿ, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದರು. ತೋಟಗಳ ಭಾರವೆಲ್ಲ ಅವರ ಮೇಲೆ ಬಿದ್ದಿತು. ಅವರು ಅದನ್ನು ಮಾರಲಿಲ್ಲ, ತಾವೇ ನಡೆಯಿಸಿದರು. 1920ರ ಸುಮಾರಿಗೆ ಬೆಂಗಳೂರಿನ ಬಸವನಗುಡಿಗೆ ಬಂದು ಕಾಫಿ ಪುಡಿಯ ಕಾರಖಾನೆಯನ್ನು ತೆರೆದರು. ಇದರಲ್ಲಿಯ ಜಾಣ್ಮೆಯನ್ನು ನೋಡಿರಿ. ಹಸಿಯ ಕಾಫಿ ಬೀಜವು ತಿಂಗಳುಗಟ್ಟಲೆ ಕೆಡದು. ಹುರಿದು ಪುಡಿಮಾಡಿದೊಡನೆ ಅದರ ಪರಿಮಳವು ಹಾರತೊಡಗುವದು. ಅಂತೆಯೇ ಹುರಿಯುವ ಒಲೆಯು ಕುಡಿಯುವವರ ಸಮೀಪದಲ್ಲಿರಬೇಕು. ನಮ್ಮ ದ್ರಾಕ್ಷಿಯದು ಇದಕ್ಕೆ ವಿರುದ್ಧ: ಹಸಿಯದು ಬೇಗ ಕೆಡುವದು, ಒಣಗಿದ್ದು ಬಾಳುವದು, ಆದ್ದರಿಂದ ಶೆಡ್ಡು ತೋಟದ ಬಳಿಯಲ್ಲಿಯೇ ಬೇಕು. ಮಾಲಿನ ಸ್ವಭಾವವನ್ನರಿತವನೇ ವ್ಯಾಪಾರಿ; ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ.

ಜನರು ಅವರನ್ನು 'ಕಾಫಿಪುಡಿ ಸಾಕಮ್ಮ'ನೆಂದೇ ಕರೆದರು. ಅವರು ಗಳಿಸಿದ್ದನ್ನು ಬಡ ವಿದ್ಯಾರ್ಥಿಗಳ ವಸತಿಗೂ ವೆಚ್ಚಮಾಡಿದರು. 1928ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾದರು. ಮೈಸೂರಿನ ಅರಸರು 'ಲೋಕಸೇವಾ ಪರಾಯಿಣಿ' ಎಂಬ ಬಿರುದನ್ನೂ ಆಂಗ್ಲ ಸರಕಾರವು ಕೈಸರ್-ಇ-ಹಿಂದ್ ಪದಕವನ್ನೂ ಕೊಟ್ಟವು.

ಸಂಸ್ಕೃತದಲ್ಲಿ 'ಪತಿ' ಎಂದರೆ ಒಡೆಯ. ಅದರ ಸ್ತ್ರೀರೂಪವೇ 'ಪತ್ನೀ'. ಪತಿಯು ಹೋದ ಮಾತ್ರಕ್ಕೆ ಒಡೆತನವು ಹೋಗಬೇಕೇಕೆ? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಗಂಡನ ಆಸ್ತಿಯಲ್ಲಿ ಮಕ್ಕಳಂತೆಯೇ ವಿಧವೆಗೂ ಪಾಲನ್ನು ಕೊಟ್ಟಿದೆ.

ಕಥೆಯು ಮುಗಿಯಲು ಒಳಮನೆಯಿಂದ ಮೃದುವಾದ ಧ್ವನಿಯೊಂದು ಬಂದಿತು: "ಗುರುಗಳೇ, ಸಾಕಮ್ಮನವರ ಕಾಗದಕ್ಕೆ ಸಹಿ ಯಾರು ಮಾಡುತ್ತಿದ್ದರು?" ಮೈದುನನು ತಲೆ ತಗ್ಗಿಸಿದನು.

ತೋಟವನ್ನು ಮಾರಲಿಲ್ಲವೆಂದು ಮೊನ್ನೆ ತಿಳಿಯಿತು. ಕೀರ್ದಿಯು ಇನ್ನೂ ಕೈ ಬದಲಿಸಿಲ್ಲ. ವಾಚಕರೇ, ನಿಮ್ಮ ಮನೆಯಲ್ಲಿ ದುಡಿಯುವ ಕೈ ಯಾವುದು, ಸಹಿ ಮಾಡುವ ಕೈ ಯಾವುದು? ಇಂದು ರಾತ್ರಿ ಉಂಡ ಮೇಲೆ ಒಮ್ಮೆ ವಿಚಾರಿಸಿರಿ.