ಸರ್ವರ್ ಕೂರಿಸುವ ಮೊದಲು

ಸಂಘದ ಖರೀದಿ, ಮಾರಾಟ, ಗೊಬ್ಬರದ ಉದ್ದರಿ, ಸಾಲದ ಖಾತೆ ಎಲ್ಲವನ್ನೂ ಒಂದೇ ತಂತ್ರಾಂಶಕ್ಕೆ ತರಬೇಕೆಂಬ ಮಾತು ಆಡಳಿತ ಮಂಡಳಿಯಲ್ಲಿ ನಡೆದಿದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಈ ಮಾತಿಗೆ ಬಿರುಸು ಬಂದಿದೆ. ನಾವು ಇದಕ್ಕೆ ವಿರೋಧಿಗಳಲ್ಲ. ದೀಪಾವಳಿಯ ದಿನ ಪೂಜೆ ಮಾಡಿ ಶುರು ಹಚ್ಚಿಬಿಡೋಣ ಎಂಬ ಅವಸರಕ್ಕೆ ಮಾತ್ರ ನಮ್ಮ ವಿರೋಧ. ಅಡಿಕೆ ಕೊಯ್ಲು, ಅದರ ಬೆನ್ನಿಗೇ ಕಾಫಿ ಕೊಯ್ಲು. ಗೋದಾಮಿನ ಮುಂದೆ ಲಾರಿ ನಿಂತಿರುವಾಗ ಗುಮಾಸ್ತರು ಹೊಸ ಪರದೆಯ ಮುಂದೆ ತಡಕಾಡಬಾರದು.

ಕಾಫಿ ಗಿಡ ನೆಡುವವರು ಮೊದಲೇ ಗುಂಡಿ ತೆಗೆದು, ಬಿಸಿಲು ಗಾಳಿ ತಾಗಿಸಿ, ಗೊಬ್ಬರ ಮಣ್ಣು ತುಂಬಿ, ಆಮೇಲೆ ಮಳೆಗೆ ಕಾಯುತ್ತೇವೆ. ಸರ್ವರಿಗೂ ಹಾಗೆಯೇ ಗುಂಡಿ ಬೇಕು.

ಮೊದಲನೆಯದು ಹೆಸರಿನ ವಿಚಾರ. ನಮ್ಮ ಹಳೆಯ ಗಣಕದಲ್ಲಿ ಸದಸ್ಯರ ಹೆಸರುಗಳಿರುವುದು ಹಳೆಯ ನುಡಿ ಫಾಂಟಿನಲ್ಲಿ. ಕಣ್ಣಿಗೆ ಅವು ಕನ್ನಡ, ಯಂತ್ರದ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಹೊಸ ದತ್ತಸಂಚಯವೂ ಯೂನಿಕೋಡನ್ನು ಸ್ವೀಕರಿಸುವಂತೆ ತಂತ್ರಾಂಶ ಹಾಕುವ ಮೊದಲೇ ಹೊಂದಿಸಿರಬೇಕು. ಆಮೇಲೆ ನೆನಪಾದರೆ ಸದಸ್ಯರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕೂತಿರುತ್ತವೆ. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ನಮ್ಮ ಲೆಡ್ಜರಿನಲ್ಲಿ ಮತ್ತೊಂದು ಇರುವ ಬೆಳೆಗಾರನನ್ನು ಯಂತ್ರ ಮೂವರೆಂದೇ ಎಣಿಸುತ್ತದೆ. ಒಬ್ಬನ ಅಡಿಕೆ ದುಡ್ಡು ಇನ್ನೊಬ್ಬನ ಖಾತೆಗೆ ಹೋಗುವುದು ಇಂಥ ಕಡೆಯೇ.

ಅಳತೆಯದು ಇನ್ನೊಂದು ಕತೆ. ಕಾಫಿಗೆ 50 ಕಿಲೋ ಚೀಲದ ಮೇಲೆ ದರ, ಅಡಿಕೆಗೆ ಕ್ವಿಂಟಾಲಿನ ಮೇಲೆ. ರಾಶಿ, ಬೆಟ್ಟೆ, ಚಾಲಿ, ಗೊರಬಲು ಒಂದೊಂದಕ್ಕೂ ಬೇರೆ ಬೆಲೆ. ಬೇರೆ ವ್ಯಾಪಾರಕ್ಕೆಂದು ಬರೆದ ತಂತ್ರಾಂಶಕ್ಕೆ ಇದೆಲ್ಲ ತಾನಾಗಿ ತಿಳಿಯದು. ಸರ್ವರಿನ ಗಡಿಯಾರವನ್ನೂ ನೋಡಬೇಕು. ಅದು ಗ್ರೀನಿಚ್ ವೇಳೆಗೆ ನಿಂತಿದ್ದರೆ, ಬೆಳಗಿನ ಐದೂವರೆಗೆ ಮೊದಲು ತೂಗಿದ ಮಾಲು ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತದೆ.

ಕರೆಂಟಿನ ವಿಚಾರ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. (ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಹೋಯಿತು, ನಮ್ಮಲ್ಲಿ ಇವತ್ತಿಗೂ ಒಂದು ಮಳೆಗೆ ಕಂಬ ಮಲಗುತ್ತದೆ.) ಒಳ್ಳೆಯ ಅರ್ತಿಂಗ್, ಸಿಡಿಲಿನಿಂದ ರಕ್ಷಣೆ, ಯುಪಿಎಸ್, ಗೋದಾಮಿನ ಧೂಳು ತಾಗದ ಕೋಣೆ ಇವಿಲ್ಲದೆ ಯಂತ್ರ ತರಿಸಕೂಡದು. ದಿನದ ಲೆಕ್ಕದ ನಕಲು ಬೇರೆ ಕಟ್ಟಡದಲ್ಲಿರಬೇಕು. ಆ ನಕಲಿನಿಂದ ಲೆಕ್ಕವನ್ನು ಪುನಃ ಎತ್ತಿ ನೋಡಿರಬೇಕು. ಎತ್ತಿ ನೋಡದ ನಕಲನ್ನು ನಾವು ನಂಬುವುದಿಲ್ಲ.

ಸಂಘದ ತಿಜೋರಿಗೆ ಎರಡು ಬೀಗದ ಕೈ ಇಟ್ಟವರು ಸರ್ವರಿನ ಗುಪ್ತಪದವನ್ನು ಮಾರಾಟಗಾರರ ಹುಡುಗನೊಬ್ಬನ ಬಳಿ ಬಿಡುವುದು ಯಾವ ನ್ಯಾಯ? ಅದು ಮುಚ್ಚಿದ ಲಕೋಟೆಯಲ್ಲಿ ಸಂಘದ ಸ್ವಾಧೀನದಲ್ಲಿರಬೇಕು. ತೂಕ ಬರೆಯುವವನಿಗೆ ದರ ತಿದ್ದುವ ಅಧಿಕಾರ ಇರಕೂಡದು.

ಇದನ್ನೆಲ್ಲ ಪೇಟೆಯವರೇ ಬಂದು ಮಾಡಬೇಕೆನ್ನುವವರಿಗೆ ನಾವು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯನ್ನು ತೋರಿಸುತ್ತೇವೆ. ಹೈದರಾಲಿ ಹುಟ್ಟಿದ ಊರೆಂದು ಅದು ಎಲ್ಲರಿಗೂ ಗೊತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ ‘ನಮ್ಮ ಧ್ವನಿ’ ಕೇಂದ್ರವನ್ನು ತೆರೆದವು. ಹಳ್ಳಿಗರ ಬಾನುಲಿಗೆ ಆಗ ಪರವಾನಗಿ ಸಿಗುತ್ತಿರಲಿಲ್ಲವಾಗಿ, ತಂತಿ ಎಳೆದು ಮನೆಮನೆಗೆ ಧ್ವನಿ ಮುಟ್ಟಿಸಿದರು. ಜೊತೆಗೆ ಗಣಕಗಳೂ ಬಂದವು. ಅಲ್ಲಿ ಯಂತ್ರಕ್ಕಿಂತ ಮೊದಲು ಮಹಿಳಾ ಸ್ವಸಹಾಯ ಸಂಘಗಳಿದ್ದವು. ಊರಿನವರೇ ಕಲಿತು ಯಂತ್ರ ನಡೆಸಿದರು. ನಮ್ಮ ಇಬ್ಬರು ಗುಮಾಸ್ತರಿಗೂ ಆ ಕಲಿಕೆ ಕೊಡಿಸಬೇಕು, ಅದರ ಖರ್ಚು ಯಂತ್ರದ ಖರ್ಚಿನೊಳಗೇ ಸೇರಬೇಕು.

ಆದ್ದರಿಂದ ಮಹಾಸಭೆಯಲ್ಲಿ ನಾವು ಕೇಳುವುದಿಷ್ಟು. ಈ ಕೊಯ್ಲು ಹಳೆಯ ಪುಸ್ತಕದಲ್ಲೇ ಮುಗಿಯಲಿ. ಅಷ್ಟರಲ್ಲಿ ಕೋಣೆ, ಹೆಸರು, ಅಳತೆ ಸಿದ್ಧವಾಗಲಿ, ಒಂದು ಪ್ರತ್ಯೇಕ ಯಂತ್ರದಲ್ಲಿ ಹಳೆಯ ಬಿಲ್ಲುಗಳನ್ನು ಹಾಕಿ ತಾಳೆ ನೋಡೋಣ. ಏಪ್ರಿಲ್ 1ರಿಂದ ಆರಂಭಿಸಿ, ಮುಂದಿನ ಕೊಯ್ಲು ಮುಗಿಯುವವರೆಗೂ ಲೆಡ್ಜರನ್ನು ಜೊತೆಯಲ್ಲೇ ಬರೆಯೋಣ. ಸದಸ್ಯ ಬಾಂಧವರು ಸಭೆಗೆ ಬರುವಾಗ ಪಾಸ್‌ಬುಕ್ಕು, ಪಹಣಿ, ಆಧಾರ್ ಮೂರನ್ನೂ ತಂದು ತಮ್ಮ ಹೆಸರು ಒಂದೇ ರೀತಿ ಇದೆಯೇ ಎಂದು ಕಚೇರಿಯಲ್ಲಿ ತೋರಿಸಿ ಹೋಗಬೇಕಾಗಿ ವಿನಂತಿ.