ಪೆಟ್ಟಿಗೆ ಬಂತು, ಮನೆಗೆ ಬರಲಿಲ್ಲ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಹುಟ್ಟಿದಾಗ ದುಬೈಯೂ ಇರಲಿಲ್ಲ, ಕಂಟೇನರೂ ಇರಲಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಈ ಗಾದೆ ಇವತ್ತಿಗೂ ಹಳತಾಗಿಲ್ಲ. ಕೊಲ್ಲಿಯ ಕೆಲಸ ಮುಗಿಸಿ ಹೆಂಡತಿ ಮಕ್ಕಳೊಂದಿಗೆ ಕಾಯಂ ಆಗಿ ಊರಿಗೆ ಬಂದವರನ್ನು ಕೇಳಿ ನೋಡಿ. ಮನುಷ್ಯ ಬಜಪೆಯಲ್ಲಿ ಇಳಿದು ಮನೆ ಸೇರಿ ತಿಂಗಳಾಗಿರುತ್ತದೆ. ಅವನ ಪಾತ್ರೆ ಪಗಡೆ, ಮಕ್ಕಳ ಪುಸ್ತಕ, ಹೊಲಿಗೆ ಯಂತ್ರ ಮಾತ್ರ ಯಾವುದೋ ಬಂದರಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತಿರುತ್ತವೆ.

ಹಾಗಾದರೆ ಸರಕಾರ ಇವರಿಗೆ ಏನೂ ರಿಯಾಯಿತಿ ಕೊಟ್ಟಿಲ್ಲವೇ? ಕೊಟ್ಟಿದೆ ಸ್ವಾಮಿ, ಧಾರಾಳವಾಗಿಯೇ ಕೊಟ್ಟಿದೆ. ‘ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್’ ಎಂದು ಅದಕ್ಕೆ ಹೆಸರು. 2016ರ ಬ್ಯಾಗೇಜ್ ನಿಯಮಗಳಲ್ಲಿ, ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಬಂದವನಿಗೆ 5 ಲಕ್ಷ ರೂಪಾಯಿವರೆಗಿನ ಮನೆ ಸಾಮಾನಿಗೆ ಸುಂಕ ಇಲ್ಲ ಎಂದು ಬರೆದಿದ್ದರು. ಒಂದು ವರ್ಷ ಇದ್ದವನಿಗೆ 2 ಲಕ್ಷ. ಈ ಮೊತ್ತಗಳು ಕಾಲಕಾಲಕ್ಕೆ ಬದಲಾಗುವಂಥವು, ಅದು ಬಿಡಿ. ಮೊತ್ತದ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಅದರ ಕೆಳಗಿನ ಸಣ್ಣ ಅಕ್ಷರಗಳ ಬಗ್ಗೆ.

ಫ್ರಿಜ್ಜಿನದೇ ಕಥೆ ತಗೊಳ್ಳಿ. ಅದೇ 2016ರ ಪಟ್ಟಿಯಲ್ಲಿ 300 ಲೀಟರಿನವರೆಗಿನ ಫ್ರಿಜ್ಜು ಮಾಫಿಯ ಲೆಕ್ಕಕ್ಕೆ, 300 ದಾಟಿದರೆ ಸುಂಕದ ಲೆಕ್ಕಕ್ಕೆ. ಅಂದರೆ ಐದು ಲೀಟರಿನ ಅಂತರದಲ್ಲಿ ಸಂಸಾರಸ್ಥ ಶ್ರೀಮಂತನಾಗಿಬಿಡುತ್ತಾನೆ! ಟಿ.ವಿ.ಯದು ಇನ್ನೊಂದು. 2013ರ ಆಗಸ್ಟ್ 26ರಿಂದ ತೆಳು ಪರದೆಯ ಟಿ.ವಿ.ಯನ್ನು ಪ್ರಯಾಣಿಕರ ಸುಂಕಮಾಫಿಯಿಂದ ಹೊರಗಿಟ್ಟರು. ಆಗ ರೂಪಾಯಿ ಕುಸಿಯುತ್ತಿತ್ತು, ಜನ ದುಬೈ ಬ್ಯಾಂಕಾಕಿನಿಂದ ಟಿ.ವಿ. ಹೊತ್ತು ತರುತ್ತಿದ್ದರು, ಸರಿ. ಆದರೆ ನಾಲ್ಕು ವರ್ಷ ಬಳಸಿದ ಟಿ.ವಿ. ತಂದವನೂ ವ್ಯಾಪಾರಿಯ ಸಾಲಿನಲ್ಲೇ ನಿಂತ.

ಇನ್ನು ರಜೆಯ ಲೆಕ್ಕ. ಬರುವ ಮೊದಲಿನ ಎರಡು ವರ್ಷದಲ್ಲಿ ಊರಿಗೆ ಬಂದು ಹೋದ ದಿನಗಳು ಒಟ್ಟು ಆರು ತಿಂಗಳು ಮೀರಬಾರದು ಎಂಬ ಷರತ್ತು. ತಾಯಿಗೆ ಕಾಯಿಲೆ ಎಂದು ಬಂದು ನಿಂತವನು ಸಿಕ್ಕಿಬಿದ್ದ. ವಿಶೇಷ ಕಾರಣವಿದ್ದರೆ ಕಮಿಷನರು ಮನ್ನಿಸಬಹುದು ಎಂದೂ ನಿಯಮದಲ್ಲಿತ್ತು. ಆದರೆ ಕಮಿಷನರ ತನಕ ಹೋಗುವ ದಾರಿ ಬಸ್ಸಿಗೆ ಕಾಯುವವರಿಗೆ ಗೊತ್ತಿರುವ ದಾರಿಯಲ್ಲ. 2020ರ ಮೇಯಲ್ಲಿ ವಂದೇ ಭಾರತ್ ವಿಮಾನದಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಮಂಗಳೂರಿಗೆ ಬಂದವರನ್ನು ನೆನಪಿಸಿಕೊಳ್ಳಿ. ಹಿಂದೆ ಉಳಿದ ಸಾಮಾನನ್ನು ಬಂದ ಒಂದು ತಿಂಗಳೊಳಗೆ ರವಾನಿಸಬೇಕು, ತಡವಾದರೆ ಅಧಿಕಾರಿಯ ಒಪ್ಪಿಗೆ ಬೇಕು ಎನ್ನುವುದು ಆಗಿನ ನಿಯಮ. ಲಾಕ್‌ಡೌನಿನಲ್ಲಿ ಯಾರು ಕಟ್ಟಬೇಕು, ಯಾರು ರವಾನಿಸಬೇಕು?

ಇಷ್ಟೆಲ್ಲಾ ಆದರೂ ಜನರನ್ನು ನಿಜವಾಗಿ ಹಿಂಡುವುದು ಸುಂಕವಲ್ಲ, ದಿನ. ನಮ್ಮ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾರಿ ಆಫೀಸಿನಲ್ಲಿ ಪಾರ್ಸೆಲ್ ಬಿಡಿಸದೆ ಬಿಟ್ಟರೆ ಡೆಮರೇಜ್ ಏರುವುದು ಅವರಿಗೆ ಗೊತ್ತು. ಬಂದರಿನಲ್ಲೂ ಅದೇ, ಆದರೆ ಮೀಟರ್ ಇನ್ನೂ ಜೋರು. ಮೊದಲ ಕೆಲವು ದಿನ ಉಚಿತ, ಆಮೇಲೆ ವಾರ ಕಳೆದಂತೆ ದರವೇ ಮೇಲಕ್ಕೆ. ಲಾರಿ ಆಫೀಸಿನಲ್ಲಿ ತಡ ಮಾಡುವವನು ಮಾಲಿನ ಯಜಮಾನ. ಇಲ್ಲಿ ತಡ ಮಾಡುವವರು ಒಬ್ಬರು, ಬಾಡಿಗೆ ಎಣಿಸುವವರು ಇನ್ನೊಬ್ಬರು, ಕಟ್ಟುವವನು ಮೂರನೆಯವನು.

ತಡಕ್ಕೆ ನೆಪ ಬೇಕೇ? ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಹಡಗಿನ ಕಾಗದದಲ್ಲಿ ಬರೀ ಇನಿಶಿಯಲ್ ಇದೆ. ಇಬ್ಬರೂ ಒಬ್ಬನೇ ಎಂದು ಬರೆದುಕೊಡಿ. ಆರು ವರ್ಷದ ಹಿಂದೆ ಕೊಂಡ ವಾಷಿಂಗ್ ಮೆಷಿನ್ನಿಗೆ ಬಿಲ್ಲು ಎಲ್ಲಿ? ಬಿಲ್ಲಿಲ್ಲದಿದ್ದರೆ ಬೆಲೆ ಸಾಹೇಬರು ಹೇಳಿದ್ದು. ಪಟ್ಟಿಯಲ್ಲಿ ‘ಅಡಿಗೆ ಸಾಮಾನು’ ಎಂದು ಬರೆದರೆ ಎಷ್ಟು ಪಾತ್ರೆ? ಒಂದೊಂದು ಪ್ರಶ್ನೆಗೂ ಒಂದೊಂದು ‘ನಾಳೆ ಬನ್ನಿ’. ಮೂರೂ ಪ್ರಶ್ನೆಯನ್ನು ಒಂದೇ ದಿನ ಕೇಳಿದರೆ ಯಾರ ಗಂಟು ಹೋಗುತ್ತದೆ ಮಾರಾಯ್ರೆ?

ಸರಕು ಸಾಗಿಸುವ ಏಜೆಂಟರ ಪಾತ್ರವನ್ನೂ ಹೇಳಲೇಬೇಕು. ಅಲ್ಲಿ ಪೆಟ್ಟಿಗೆಗೆ ಅಗ್ಗದ ದರ ಹೇಳಿ ಒಪ್ಪಿಸುತ್ತಾರೆ. ಇಲ್ಲಿ ಡೆಲಿವರಿ ಆರ್ಡರ್ ಕೇಳಲು ಹೋದಾಗ ಆ ಚಾರ್ಜು ಈ ಚಾರ್ಜು ಎಂದು ಉದ್ದದ ಚೀಟಿ. ಅದಕ್ಕೆ ಸಹಿ ಹಾಕದೆ ಕಸ್ಟಮ್ಸ್ ಬಾಗಿಲಿಗೇ ಹೋಗುವಂತಿಲ್ಲ.

ಡೆಮರೇಜಿಗೆ ಪರಿಹಾರವೇ ಇಲ್ಲವೇ ಎಂದರೆ, ಇದೆ, ಇದ್ದೂ ಇಲ್ಲ. 1995ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಸ್ಟಮ್ಸ್‌ನವರು ತಪ್ಪಾಗಿ ತಡೆಹಿಡಿದಿದ್ದರೂ ಗೋದಾಮಿನ ಬಾಡಿಗೆಯನ್ನು ಮಾಲಿನವನೇ ಕಟ್ಟಬೇಕು ಎಂದಿತು. 2009ರಲ್ಲಿ ಕಸ್ಟಮ್ಸ್ ಪ್ರದೇಶದ ಸರಕು ನಿರ್ವಹಣೆಯ ನಿಯಮ ಬಂತು. ಕಸ್ಟಮ್ಸ್ ಜಪ್ತಿ ಮಾಡಿದ ಅಥವಾ ತಡೆಹಿಡಿದ ಮಾಲಿಗೆ, ಬೇರೆ ಕಾನೂನು ಅಡ್ಡ ಬರದಿದ್ದರೆ, ಬಾಡಿಗೆ ಡೆಮರೇಜ್ ಕೇಳಬಾರದು ಎಂದು ಅದರಲ್ಲಿ ಬರೆದರು. ಒಳ್ಳೆಯದೇ. ಆದರೆ ತಡೆಹಿಡಿದಿದ್ದೇವೆ ಎಂದು ಕಾಗದದಲ್ಲಿ ಯಾರು ಬರೆದುಕೊಡುತ್ತಾರೆ? ‘ನಾಳೆ ಬನ್ನಿ’ ಎನ್ನುವುದು ಬಾಯಿಮಾತು. ಬಾಯಿಮಾತಿಗೆ ತಾರೀಕೂ ಇಲ್ಲ, ಮೊಹರೂ ಇಲ್ಲ. ಇತ್ತ 1962ರ ಕಸ್ಟಮ್ಸ್ ಕಾಯಿದೆ, 30 ದಿನದಲ್ಲಿ ಬಿಡಿಸದ ಮಾಲನ್ನು ನೋಟೀಸು ಕೊಟ್ಟು ಮಾರಬಹುದು ಎನ್ನುತ್ತದೆ. ಅದಕ್ಕೆ ಹೆದರಿಯೇ ಜನ ಕೇಳಿದಷ್ಟು ಕೊಟ್ಟು ಕೈಮುಗಿದು ಬರುವುದು. ಕೆಲವರು ಡೆಮರೇಜ್ ಲೆಕ್ಕ ಹಾಕಿ, ಸಾಮಾನಿನ ಬೆಲೆಗಿಂತ ಅದೇ ಹೆಚ್ಚಾಯಿತೆಂದು ಪೆಟ್ಟಿಗೆಯ ಆಸೆಯನ್ನೇ ಬಿಡುತ್ತಾರೆ.

ಕೆಲಸ ಕಳೆದುಕೊಂಡು ಬಂದವನಿಗೆ ಇದು ಸಣ್ಣ ನಷ್ಟವಲ್ಲ. ಅಂಗಡಿ ಹಾಕಲು ಇಟ್ಟುಕೊಂಡ ದುಡ್ಡು ಶೆಡ್ಡಿನ ಬಾಡಿಗೆಗೆ ಹೋಗುತ್ತದೆ.

2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲೆ, ಬೊಂಬಾಯಿ ಸಹಾರಿನಲ್ಲಿ ಇಳಿದು ರಾತ್ರಿ ಬಸ್ಸು ಹಿಡಿಯುವ ಕಷ್ಟ ಕಡಿಮೆಯಾಯಿತು. ಮನುಷ್ಯನಿಗೆ ಆದ ಈ ಅನುಕೂಲ ಅವನ ಪೆಟ್ಟಿಗೆಗೂ ಆಗಬೇಕು. ಕೇಳುವುದು ದೊಡ್ಡ ವಿಷಯವೇನಲ್ಲ. ಆಕ್ಷೇಪಣೆಗಳನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದು ತಾರೀಕು ಹಾಕಿ ಕೊಡಲಿ. ಆ ಚೀಟಿಗೆ ಉತ್ತರ ಕೊಟ್ಟ ದಿನದಿಂದ ಮುಂದಿನ ಬಾಡಿಗೆ ಮಾಲಿನವನ ತಲೆಗೆ ಬೇಡ. ನಮ್ಮ ಸಂಸದರು ಇಷ್ಟನ್ನಾದರೂ ದೆಹಲಿಯಲ್ಲಿ ಕೇಳಬಹುದು.

ಅಲ್ಲಿಯವರೆಗೆ, ಈ ವರ್ಷ ಹೊರಡುವವರ ಮನೆಯವರು ಫೋನಿನಲ್ಲಿ ಹೇಳಿಬಿಡಿ: ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹಡಗಿನ ಕಾಗದದಲ್ಲೂ ಹೆಸರು ಬರೆಸಲಿ, ಪೆಟ್ಟಿಗೆಗೊಂದು ಪಟ್ಟಿ ಮಾಡಲಿ, ಇಲ್ಲಿ ಕಟ್ಟಬೇಕಾದ ಚಾರ್ಜುಗಳನ್ನು ಏಜೆಂಟನಿಂದ ಅಲ್ಲೇ ಬರೆಸಿಕೊಳ್ಳಲಿ. ಫ್ರಿಜ್ಜನ್ನು ಅಲ್ಲೇ ಮಾರಿ ಬರಲಿ.